ಕರಿಯನ ವಿದ್ಯಾಭ್ಯಾಸ

ಮೂವತ್ತೈದು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಪಾಠ ಹೇಳಿ ನಿವೃತ್ತನಾದವನು ನಾಯಿಯ ವಿಷಯವಾಗಿ ಬರೆಯಹೊರಟಿರುವುದನ್ನು ಕಂಡು ನನ್ನ ಹಳೆಯ ಶಿಷ್ಯರು ನಗಬಹುದು. ನಗಲಿ. ಆದರೆ ಪಟ್ಟಣಗಳಲ್ಲಿ ನಾಯಿಯು ಅಂಗಳವನ್ನು ಬಿಟ್ಟು ನಡುಮನೆಗೆ ಬಂದು ಬಹಳ ಕಾಲವಾಯಿತು. ಹಳ್ಳಿಯಲ್ಲಿ ಅದು ತನ್ನ ಇಷ್ಟದಂತೆ ತಿರುಗಿ, ತನಗೆ ಬೇಡವಾದ ಇನ್ನೊಂದು ನಾಯಿಯನ್ನು ಕಂಡರೆ ದಾರಿ ಬಿಟ್ಟು ಸರಿದು, ಹೊತ್ತಿಗೆ ಸರಿಯಾಗಿ ಜಗಲಿಯ ಮೂಲೆಗೆ ಬಂದು ಮಲಗುತ್ತಿದ್ದಿತು. ಪಟ್ಟಣದಲ್ಲಿ ಅದರ ಕೊರಳಿಗೆ ಹಗ್ಗ ಬಿದ್ದಿದೆ. ಹಗ್ಗದ ಇನ್ನೊಂದು ತುದಿ ನಮ್ಮ ಕೈಯಲ್ಲಿದೆ. ಆದುದರಿಂದ ಅದರ ನಡತೆಯ ಹೊಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮದೇ ಆಗಿದೆ. ಈ ಮಾತು ನನಗೆ ತಿಳಿದುದು ಒಂದು ಅಪರಾಧವನ್ನು ಮಾಡಿದ ಮೇಲೆ. ಅದನ್ನು ಮುಚ್ಚಿಡದೆ ಹೇಳಿದರೆ ನಾಯಿ ಸಾಕಿರುವ ಗೃಹಸ್ಥರಿಗೆ ಉಪಯೋಗವಾದೀತೆಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ನಮ್ಮ ಮನೆಯ ನಾಯಿಯ ಹೆಸರು ಕರಿಯ. ಅದು ಯಾವ ವಿಲಾಯಿತಿ ಕುಲದ್ದೂ ಅಲ್ಲ. ನಮ್ಮ ಬಡಾವಣೆಯಲ್ಲಿ ಕಟ್ಟುತ್ತಿದ್ದ ಒಂದು ಕಟ್ಟಡದ ಮರಳ ರಾಶಿಯ ಮೇಲೆ ಮಲಗುತ್ತಿದ್ದ ಬೀದಿಯ ನಾಯಿ. ಕಟ್ಟಡ ಮುಗಿದು ಕೆಲಸಗಾರರು ಹೊರಟುಹೋದ ಮೇಲೆ, ಎಂಟು ವರ್ಷದ ನನ್ನ ಮೊಮ್ಮಗಳ ಕಣ್ಣೀರಿಗೆ ಸೋತು ಮನೆಗೆ ಕರೆತಂದೆವು. ಆಗ ಅದಕ್ಕೆ ಸುಮಾರು ಒಂದು ವರ್ಷ. ಮನೆಯೊಳಗೆ ಅದರಷ್ಟು ಸಾಧುವಾದ ಪ್ರಾಣಿ ಇನ್ನೊಂದಿಲ್ಲ. ಆದರೆ ಬೀದಿಗೆ ಹೊರಟು, ಎದುರಿಗೆ ಇನ್ನೊಂದು ನಾಯಿ ಕಂಡಿತೋ, ಬೆನ್ನ ಕೂದಲು ನಿಮಿರಿ, ಹಗ್ಗವನ್ನು ಜಗ್ಗಿ, ಗಂಟಲು ಹರಿಯುವಂತೆ ಬೊಗಳಿ ಮೇಲೆ ಬೀಳುವುದು. ಇಂಥ ನಾಯಿಯನ್ನು ಈಗಿನವರು ‘ರಿಯಾಕ್ಟಿವ್’ ಎನ್ನುತ್ತಾರೆ. ಕೆರಳುವ ನಾಯಿ ಎಂದು ನಾವು ಹೇಳಬಹುದು.

ಈಗ ಕೆಲವು ನಗರಗಳಲ್ಲಿ ನಾಯಿಗಳಿಗಾಗಿಯೇ ಬೇಲಿ ಹಾಕಿದ ಉದ್ಯಾನಗಳು ಇವೆ. ಅಮೆರಿಕೆಯ ಬರ್ಕ್ಲಿ ಪಟ್ಟಣದಲ್ಲಿ 1979ರಲ್ಲಿ ಆರಂಭವಾದುದು ಇವುಗಳಲ್ಲಿ ಬಹಳ ಹಿಂದಿನದು. ನಮ್ಮ ನೆರೆಯ ಹೈದರಾಬಾದಿನ ಕೊಂಡಾಪುರದಲ್ಲಿ 2018ರಲ್ಲಿ ಅಂಥದೊಂದು ತೆರೆಯಿತು. ನಮ್ಮ ಬಡಾವಣೆಯ ಸಮೀಪದಲ್ಲಿಯೂ ಚಿಕ್ಕದೊಂದು ಇದೆ. ಇತರ ನಾಯಿಗಳೊಡನೆ ಬೆರೆತರೆ ಕರಿಯನ ಕೋಪ ತಾನಾಗಿ ಇಳಿದೀತೆಂದು ಎಣಿಸಿ, ಕಳೆದ ವರ್ಷದ ಶ್ರಾವಣದಲ್ಲಿ ಒಂದು ಭಾನುವಾರ ಸಂಜೆ, ಅಲ್ಲಿ ಹತ್ತು ಹನ್ನೆರಡು ನಾಯಿಗಳು ಓಡಾಡುತ್ತಿದ್ದ ಹೊತ್ತಿನಲ್ಲಿ, ಅದನ್ನು ಹಗ್ಗ ಸಹಿತವಾಗಿ ಒಳಕ್ಕೆ ಕರೆದೊಯ್ದೆ. ಈಜು ಬಾರದವನನ್ನು ನಡುಹೊಳೆಗೆ ನೂಕಿದರೆ ಈಜು ಬರುತ್ತದೆಂದು ನಂಬುವವರ ಬುದ್ಧಿಯೇ ನನ್ನದೂ ಆಯಿತು. ಬಾಗಿಲು ದಾಟಿದೊಡನೆಯೇ ನಾಲ್ಕಾರು ನಾಯಿಗಳು ಮೂಸುವುದಕ್ಕೆ ಓಡಿಬಂದು ಸುತ್ತಿಕೊಂಡುವು. ಕರಿಯ ಹಿಂದೆ ಸರಿಯಲು ನೋಡಿತು, ಹಗ್ಗ ಬಿಡಲಿಲ್ಲ. ನಾನು ಹಗ್ಗವನ್ನು ಇನ್ನೂ ಬಿಗಿದೆ. ಮರುಕ್ಷಣವೇ ಅದು ಪಕ್ಕದ ಬೀದಿಯ ರಾಯರ ಬಿಳಿಯ ಪೊಮೆರೇನಿಯನ್ ನಾಯಿಯ ಕಿವಿಗೆ ಬಾಯಿ ಹಾಕಿತು. ಬಿಡಿಸುವ ಹೊತ್ತಿಗೆ ಕಿವಿಯ ಅಂಚು ಹರಿದು ರಕ್ತ ಸುರಿಯುತ್ತಿತ್ತು.

“ಮೇಷ್ಟ್ರೇ, ಇಂಥ ನಾಯಿಯನ್ನು ಊರೊಳಗೆ ಇಟ್ಟುಕೊಳ್ಳಬಾರದು. ಎಲ್ಲಿಗಾದರೂ ಸಾಗಿಸಿಬಿಡಿ” ಎಂದರು ರಾಯರು. ಅವರ ಕೈ ನಡುಗುತ್ತಿತ್ತು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನನಗೆ ಎಲ್ಲರೆದುರಿಗೆ ಮಾನ ಹೋದಂತಾಯಿತು. ಬಾಗಿಲ ಹೊರಕ್ಕೆ ಬಂದವನೇ ಹಗ್ಗದ ತುದಿಯಿಂದ ಕರಿಯನ ಬೆನ್ನಿನ ಮೇಲೆ ಎರಡು ಏಟು ಹೊಡೆದೆ. ಅದು ತಿರುಗಿ ಬೀಳಲಿಲ್ಲ, ಕೂಗಲೂ ಇಲ್ಲ. ನಿಂತಲ್ಲೇ ಉಚ್ಚೆ ಹೊಯ್ದುಕೊಂಡು ನೆಲಕ್ಕೆ ಅಂಟಿಕೊಂಡಿತು. ಮನೆಗೆ ಬರುವವರೆಗೆ ಸುಮ್ಮನಿದ್ದ ಮೊಮ್ಮಗಳು ಮೆಟ್ಟಿಲ ಬಳಿ ಕೇಳಿದಳು: “ತಾತ, ಏತಕ್ಕೆ ಹೊಡೆದಿರೆಂದು ಅವನಿಗೆ ಗೊತ್ತಾಯಿತಾ?”

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮಹಾಭಾರತದ ಆದಿಪರ್ವದಲ್ಲಿ ಬರುವ ಸರಮೆಯ ಕಥೆಯನ್ನು ಎಷ್ಟೋ ಸಲ ತರಗತಿಯಲ್ಲಿ ಹೇಳಿದವನು ನಾನು. ಜನಮೇಜಯನು ತಮ್ಮಂದಿರೊಡನೆ ಕುರುಕ್ಷೇತ್ರದಲ್ಲಿ ಸತ್ರಯಾಗವನ್ನು ಮಾಡುತ್ತಿರುವಾಗ ದೇವಶುನಿಯಾದ ಸರಮೆಯ ಮರಿಯೊಂದು ಅಲ್ಲಿಗೆ ಬರುತ್ತದೆ. ತಮ್ಮಂದಿರು ಅದನ್ನು ಹೊಡೆದಟ್ಟುತ್ತಾರೆ. ಅಳುತ್ತ ಬಂದ ಮರಿಯನ್ನು ತಾಯಿಯು ವಿಚಾರಿಸಿದರೆ, ತಾನು ಹವಿಸ್ಸನ್ನು ನೆಕ್ಕಲಿಲ್ಲ, ಕಣ್ಣೆತ್ತಿ ನೋಡಲೂ ಇಲ್ಲವೆಂದು ಅದು ಹೇಳುತ್ತದೆ. ಸರಮೆಯು ಯಾಗಶಾಲೆಗೆ ಬಂದು ಕಾರಣವನ್ನು ಕೇಳಿದಾಗ ಅವರಲ್ಲಿ ಒಬ್ಬನಿಗೂ ಉತ್ತರ ಹೊಳೆಯುವುದಿಲ್ಲ. ಕಾಣದ ದಿಕ್ಕಿನಿಂದ ನಿಮಗೂ ಭಯ ಬರಲಿ ಎಂದು ಶಪಿಸಿ ಅವಳು ಹೊರಟುಹೋಗುತ್ತಾಳೆ. ನಾಯಿಗೆ ಸಾರಮೇಯ ಎಂಬ ಹೆಸರು ಬಂದಿರುವುದು ಈ ಸರಮೆಯಿಂದಲೇ. ಕರಿಯ ತಪ್ಪು ಮಾಡಿಲ್ಲವೆಂದು ನಾನು ಹೇಳುವುದಿಲ್ಲ. ರಾಯರ ನಾಯಿಯ ಕಿವಿಗೆ ಹೊಲಿಗೆ ಹಾಕಿಸಬೇಕಾಯಿತು, ಅದರ ವೆಚ್ಚವನ್ನು ನಾನೇ ಕೊಟ್ಟೆ. ಆದರೆ ಆ ಎರಡು ಏಟುಗಳಿಗೆ ಕಾರಣವೇನೆಂದು ಮಗು ಕೇಳಿದಾಗ ನಾನೂ ಜನಮೇಜಯನ ತಮ್ಮಂದಿರಂತೆಯೇ ಸುಮ್ಮನಾಗಿದ್ದೆ.

ಮರುದಿನ ಪಶುವೈದ್ಯರ ಬಳಿಗೆ ಹೋದೆವು. ಆಕೆ ನನ್ನ ಮಗಳ ವಯಸ್ಸಿನವರು. ಮೊದಲು ಕರಿಯನ ಕಿವಿ, ಹಲ್ಲು, ಸೊಂಟದ ಕೀಲು ಎಲ್ಲವನ್ನೂ ಪರೀಕ್ಷಿಸಿದರು. ನೋವಿರುವ ನಾಯಿ ಬೇಗ ಕೆರಳುತ್ತದೆಯಾದುದರಿಂದ, ನಡತೆಯನ್ನು ತಿದ್ದುವುದಕ್ಕೆ ಮುಂಚೆ ದೇಹವನ್ನು ನೋಡತಕ್ಕದ್ದೆಂದರು. ಎಡಗಿವಿಯೊಳಗೆ ಹಳೆಯ ಸೋಂಕೊಂದು ಇದ್ದಿತು. ಅದಕ್ಕೆ ಔಷಧ ಕೊಟ್ಟರು. ಬಳಿಕ ನಡೆದುದನ್ನೆಲ್ಲ ಕೇಳಿ, “ಮೇಷ್ಟ್ರೇ, ಇದು ಕೋಪವಲ್ಲ, ಭಯ. ಹೆದರಿದ ಹುಡುಗನಿಗೆ ಪಾಠ ಹತ್ತುವುದುಂಟೇ? ನಿಮಗೆ ನಾನು ಹೇಳಬೇಕೇ?” ಎಂದರು.

ಅವರು ವಿವರಿಸಿದುದರ ಸಾರಾಂಶವಿದು. ಅಮೆರಿಕೆಯ ಸ್ಕಾಟ್ ಮತ್ತು ಫುಲ್ಲರ್ ಎಂಬ ಪಂಡಿತರು ನಾಯಿಮರಿಗಳ ಬೆಳವಣಿಗೆಯನ್ನು ಅನೇಕ ವರ್ಷ ಪರಿಶೀಲಿಸಿ 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮರಿಯು ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಕಂಡುಂಡ ಸಂಗತಿಗಳನ್ನು ಸುಲಭವಾಗಿ ತನ್ನವೆಂದು ಒಪ್ಪಿಕೊಳ್ಳುತ್ತದೆಂದು ತೋರಿಸಿದರು. ಆ ಕಾಲ ಕಳೆದ ಮೇಲೆ ಹೊಸದೆಲ್ಲವೂ ಮೊದಲು ಅಪಾಯವಾಗಿಯೇ ಕಾಣಬಹುದು. ಮರಳ ರಾಶಿಯ ಮೇಲೆ, ಬೇರೆ ನಾಯಿಗಳ ಹಲ್ಲಿಗೆ ಹೆದರುತ್ತ ಬೆಳೆದ ಕರಿಯನಿಗೆ ಎದುರು ಬರುವ ಪ್ರತಿಯೊಂದು ನಾಯಿಯೂ ಶತ್ರುವೇ. ಭಯಗೊಂಡ ಪ್ರಾಣಿಗೆ ಎರಡು ದಾರಿಗಳುಂಟು: ಓಡುವುದು, ಇಲ್ಲವೆ ಮೇಲೆ ಬೀಳುವುದು. ಹಗ್ಗವು ಮೊದಲನೆಯದನ್ನು ಮುಚ್ಚಿಬಿಡುತ್ತದೆ. ಬೊಗಳಿದಾಗ ಎದುರು ನಾಯಿ ದಾಟಿ ಹೋಗುವುದರಿಂದ, ಬೊಗಳಿದುದೇ ಫಲಿಸಿತೆಂದು ಅದು ದಿನದಿನಕ್ಕೆ ಕಲಿಯುತ್ತದೆ. ಇದರ ಮೇಲೆ ನಾವು ಹೊಡೆದರೆ, ಇನ್ನೊಂದು ನಾಯಿ ಕಂಡಾಗಲೆಲ್ಲ ಏಟು ಬೀಳುತ್ತದೆಂಬ ಹೊಸ ಪಾಠವೂ ಸೇರುತ್ತದೆ. ಭಯ ಇಮ್ಮಡಿಯಾಗುವುದಲ್ಲದೆ ಇಳಿಯುವುದಿಲ್ಲ. ಪ್ರಾಣಿಗಳ ನಡತೆಯನ್ನು ಅಭ್ಯಸಿಸುವ ಅಮೆರಿಕೆಯ ಪಶುವೈದ್ಯರ ಸಂಘವೂ ಹೊಡೆತ ಬಡಿತಗಳನ್ನು ಬಿಟ್ಟು ಬಹುಮಾನದಿಂದಲೇ ಕಲಿಸಬೇಕೆಂದು 2021ರಲ್ಲಿ ಸ್ಪಷ್ಟವಾಗಿ ಸಾರಿದೆ. ಕೆಲವು ನಾಯಿಗಳು ಭಯದಿಂದಲ್ಲದೆ, ಗೆಳೆಯನನ್ನು ಸೇರಬೇಕೆಂಬ ತವಕವನ್ನು ಹಗ್ಗ ತಡೆದುದರಿಂದಲೂ ಹೀಗೆಯೇ ಅರಚುವುದುಂಟು. ಎರಡಕ್ಕೂ ಚಿಕಿತ್ಸೆ ಬಹುಮಟ್ಟಿಗೆ ಒಂದೇ.

ಆ ಚಿಕಿತ್ಸೆಯ ಮೂಲ ಹಳೆಯದು. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಬಹುಮಾನವನ್ನು ಪಡೆದ ರಷ್ಯದ ಪಾವ್ಲೋವ್, ಒಂದು ಶಬ್ದದ ಹಿಂದೆಯೇ ಆಹಾರ ಬರುತ್ತಿದ್ದರೆ, ಕೆಲವು ದಿನಗಳ ಮೇಲೆ ಆ ಶಬ್ದ ಮಾತ್ರದಿಂದಲೇ ನಾಯಿಯ ಬಾಯಲ್ಲಿ ನೀರೂರುವುದೆಂದು ತೋರಿಸಿದುದನ್ನು ಓದುಗರು ಕೇಳಿರಬಹುದು. ಮೇರಿ ಕವರ್ ಜೋನ್ಸ್ ಎಂಬ ಮಹಿಳೆಯು ಈ ಮಾರ್ಗದಿಂದ ಭಯವನ್ನು ಹೋಗಲಾಡಿಸಿದ ವೃತ್ತಾಂತವನ್ನು 1924ರಲ್ಲಿ ಪ್ರಕಟಿಸಿದಳು. ಮೊಲವನ್ನು ಕಂಡರೆ ಚೀರುತ್ತಿದ್ದ ಪೀಟರ್ ಎಂಬ ಸುಮಾರು ಮೂರು ವರ್ಷದ ಮಗುವಿಗೆ ಅವನ ಇಷ್ಟದ ತಿಂಡಿಯನ್ನು ಕೊಡುತ್ತ, ಅವನು ಅಳದಷ್ಟು ದೂರದಲ್ಲಿ ಮೊಲವನ್ನು ಇರಿಸಿ, ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಹತ್ತಿರ ತಂದಳು. ಕೊನೆಗೆ ಮಗು ಮೊಲವನ್ನು ಮುಟ್ಟಿ ಆಡಿತು. ಪೀಟರನಿಗೆ ಮೊಲ ಹೇಗೋ ಕರಿಯನಿಗೆ ಇತರ ನಾಯಿಗಳು ಹಾಗೆ.

ನಾವು ನಡೆಸಿದ ಕ್ರಮವನ್ನು ಈಗ ಹೇಳುತ್ತೇನೆ. ಮೊದಲು ಎರಡು ವಾರ ಉದ್ಯಾನದ ಕಡೆಗೇ ಹೋಗಲಿಲ್ಲ. ಬೆಳಗಿನ ಐದೂವರೆಗೆ, ನಾಯಿಗಳು ಕಡಮೆ ಇರುವ ಬೀದಿಗಳಲ್ಲಿ ಮಾತ್ರ ತಿರುಗಾಡಿಸಿದೆವು. ಕೆರಳುವ ಅಭ್ಯಾಸವೇ ತಪ್ಪಬೇಕೆಂಬುದು ಉದ್ದೇಶ. ಕೊರಳಪಟ್ಟಿಯನ್ನು ಬಿಟ್ಟು, ಹಾರ್ನೆಸ್ ಎಂದು ಅಂಗಡಿಯವರು ಕರೆಯುವ ಎದೆಪಟ್ಟಿಯನ್ನು ಹಾಕಿದೆವು. ಜಗ್ಗಿದರೂ ಗಂಟಲಿಗೆ ನೋವಾಗದು. ಎತ್ತಿಗೆ ಒಕ್ಕಣೆಯ ಕಾಲದಲ್ಲಿ ಹಾಕುವ ಬಾಯಿಕುಕ್ಕೆಯಂತಹ ಜಾಲರಿಯ ಕುಕ್ಕೆಯನ್ನೂ ಅಭ್ಯಾಸ ಮಾಡಿಸಿದೆವು. ಅದರೊಳಗೆ ತಿಂಡಿಯನ್ನಿಟ್ಟು, ಕರಿಯ ತಾನಾಗಿ ಮೂತಿ ತೂರಿಸುವವರೆಗೆ ಹತ್ತು ದಿನ ಕಾದೆವು. ಕುಕ್ಕೆಯು ನಾಯಿ ಬಾಯ್ದೆರೆದು ಏದುವುದಕ್ಕೂ ನೀರು ಕುಡಿಯುವುದಕ್ಕೂ ಎಡೆಗೊಡುವಷ್ಟು ಅಗಲವಾಗಿರಬೇಕು.

ನಮ್ಮ ಮನೆಯಲ್ಲಿ ಮಾಂಸವಿಲ್ಲವಾದುದರಿಂದ ಬಹುಮಾನಕ್ಕೆ ಪನೀರನ್ನು ಕಡಲೆಕಾಳಿನಷ್ಟು ಚೂರುಗಳಾಗಿ ಕತ್ತರಿಸಿಕೊಂಡೆವು. ಈ ಚೂರು ಬೇರೆ ಹೊತ್ತಿನಲ್ಲಿ ಸಿಕ್ಕಕೂಡದು. ಗೃಹಿಣಿಯರು ಇಲ್ಲಿ ಒಂದು ಮಾತನ್ನು ಗಮನಿಸಬೇಕು: ದ್ರಾಕ್ಷಿ, ಪಾಯಸದ ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟು ಇವು ನಾಯಿಗೆ ವಿಷಪ್ರಾಯವಾದುವು, ಪ್ರೀತಿಯಿಂದಲೂ ಕೊಡಲಾಗದು.

ಮೂರನೆಯ ವಾರದಲ್ಲಿ ಉದ್ಯಾನದ ಬೇಲಿಯಿಂದ ಅರವತ್ತು ಹೆಜ್ಜೆ ದೂರದ ಹೊಂಗೆಯ ಮರದಡಿ ನಿಂತೆವು. ಅಲ್ಲಿಂದ ಕರಿಯನಿಗೆ ಇತರ ನಾಯಿಗಳು ಕಾಣುತ್ತವೆ, ಆದರೆ ಅದು ಬೊಗಳುವುದಿಲ್ಲ. ಈ ದೂರವನ್ನು ಗುರುತಿಸುವುದೇ ವಿದ್ಯೆಯ ಮುಕ್ಕಾಲು ಭಾಗ. ನಾಯಿ ಕಣ್ಣಿಗೆ ಬಿದ್ದೊಡನೆ ಪನೀರಿನ ಚೂರು. ನಾಯಿ ಮರೆಯಾದೊಡನೆ ಚೂರೂ ನಿಂತಿತು. ಈ ಅನುಕ್ರಮ ತಪ್ಪಬಾರದು. ಮೊದಲೇ ಚೂರು ತೋರಿಸಿದರೆ ತಿಂಡಿಯೇ ಅಪಾಯದ ಮುನ್ಸೂಚನೆಯಾಗಿಬಿಡುವುದು. ದಿನಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಲಿಲ್ಲ. ಹನ್ನೆರಡನೆಯ ದಿನ ಒಂದು ದೊಡ್ಡ ನಾಯಿ ಬೇಲಿಯ ಬಳಿ ಬಂದಾಗ ಕರಿಯ ಅದನ್ನು ನೋಡಿ, ಬೊಗಳದೆ, ತಲೆ ತಿರುಗಿಸಿ ನನ್ನ ಮುಖವನ್ನು ನೋಡಿತು, ಚೂರು ಎಲ್ಲಿ ಎಂಬಂತೆ. ಮೊಮ್ಮಗಳು ಕುಣಿದಾಡಿದಳು. ಸತ್ಯವಾಗಿ ಹೇಳುವುದಾದರೆ, ಶಿಷ್ಯನೊಬ್ಬನು ಪ್ರಥಮ ಶ್ರೇಣಿಯಲ್ಲಿ ತೇರ್ಗಡೆಯಾದಾಗ ನನಗೆ ಆಗುತ್ತಿದ್ದ ಸಂತೋಷಕ್ಕಿಂತ ಇದು ಕಡಮೆಯದಾಗಿರಲಿಲ್ಲ.

ಇದರೊಡನೆ ನಾಯಿಯ ಮೌನದ ಭಾಷೆಯನ್ನೂ ಕಲಿಯಬೇಕಾಯಿತು. ಭಷಕವೆಂದು ಕೋಶಕಾರರು ಹೆಸರಿಟ್ಟಿದ್ದರೂ, ಬೊಗಳುವುದು ಅದರ ಕೊನೆಯ ಮಾತು. ಅದಕ್ಕೆ ಮುಂಚೆ ಎಷ್ಟೋ ಹೇಳಿರುತ್ತದೆ: ತಿನ್ನಲು ಏನೂ ಇಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುವುದು, ನಿದ್ರೆಯಿಲ್ಲದೆ ಆಕಳಿಸುವುದು, ಮುಖ ತಿರುಗಿಸುವುದು, ಕಣ್ಣಿನ ಬಿಳಿ ಕಾಣುವುದು, ತೆರೆದ ಬಾಯಿ ಥಟ್ಟನೆ ಮುಚ್ಚುವುದು, ಮೈ ಕಂಬದಂತೆ ಬಿಗಿಯುವುದು. ಬಾಲ ಆಡಿದ ಮಾತ್ರಕ್ಕೆ ಸಂತೋಷವೆಂದು ತಿಳಿಯಬಾರದು. ಎತ್ತಿ ಹಿಡಿದ ಗಟ್ಟಿ ಬಾಲದ ಚಿಕ್ಕ ಅಲುಗಾಟ ಎಚ್ಚರಿಕೆಯೂ ಆಗಿರಬಹುದು. ಈ ಚಿಹ್ನೆ ಕಂಡೊಡನೆ ಗದರಿಸದೆ, ಹಗ್ಗ ಬಿಗಿಯದೆ, ನಗುನಗುತ್ತ ತಿರುಗಿ ದೂರ ನಡೆಯತಕ್ಕದ್ದು.

ಎಲ್ಲವೂ ಏರುಮುಖವಾಗಿಯೇ ನಡೆಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಮೂವತ್ತು ಹೆಜ್ಜೆಯವರೆಗೆ ಬಂದಿದ್ದೆವು. ಅಷ್ಟರಲ್ಲಿ ದೀಪಾವಳಿ ಬಂದಿತು. ಹಿಂದಿನ ರಾತ್ರಿಯೆಲ್ಲ ಪಟಾಕಿಯ ಸದ್ದಿಗೆ ಮಂಚದಡಿ ನಡುಗಿದ್ದ ಕರಿಯನನ್ನು ಬೆಳಿಗ್ಗೆ ನಿತ್ಯದಂತೆ ಕರೆದೊಯ್ದೆ. ದಾರಿಯಲ್ಲಿ ಕಸದ ಆಟೋ ಗದ್ದಲ ಮಾಡಿತು. ಮೂಲೆಯಲ್ಲಿ ಒಂದು ನಾಯಿ ಇದ್ದಕ್ಕಿದ್ದಂತೆ ಎದುರಾಯಿತು. ಮೂರು ತಿಂಗಳ ಪಾಠ ಒಂದು ನಿಮಿಷದಲ್ಲಿ ಮಾಯವಾದಂತೆ ಕರಿಯ ಅಬ್ಬರಿಸಿತು. ಸದ್ಯ, ಕುಕ್ಕೆಯಿದ್ದುದರಿಂದ ಅಪಾಯವಾಗಲಿಲ್ಲ. ನಾನು ನಿರಾಶನಾಗಿ ವೈದ್ಯರಿಗೆ ಫೋನು ಮಾಡಿದೆ. ಒಂದರ ಮೇಲೊಂದು ಭಯ ಬಿದ್ದರೆ ಕೊಡ ತುಂಬಿ ಚೆಲ್ಲುತ್ತದೆಂದೂ, ತುಂಬಿದ ಕೊಡ ಬರಿದಾಗಲು ಕೆಲವು ದಿನಗಳು ಬೇಕೆಂದೂ ಆಕೆ ಹೇಳಿದರು. ಐದು ದಿನ ತಿರುಗಾಟವನ್ನು ನಿಲ್ಲಿಸಿ, ಮನೆಯೊಳಗೆಯೇ ಹಳೆಯ ಟವಲಿನ ಮಡಿಕೆಗಳಲ್ಲಿ ತಿಂಡಿಯನ್ನು ಬಚ್ಚಿಟ್ಟು ಮೂಸಿ ಹುಡುಕುವ ಆಟವನ್ನು ಆಡಿಸಿದೆವು. ಮತ್ತೆ ಐವತ್ತು ಹೆಜ್ಜೆಯಿಂದ ಆರಂಭಿಸಿದೆವು.

ಬೇಲಿಯೊಳಕ್ಕೆ ಹೋಗುವವರು ತಿಳಿದಿರಬೇಕಾದ ಕೆಲವು ವಿಷಯಗಳನ್ನು ನನ್ನ ತಪ್ಪಿನ ಬೆಲೆ ತೆತ್ತು ಕಲಿತಿದ್ದೇನೆ. ನಾಯಿಗಳ ಉದ್ಯಾನವು ಕಲಿತುದನ್ನು ಒಪ್ಪಿಸುವ ಸ್ಥಳವೇ ಹೊರತು ಕಲಿಯುವ ಸ್ಥಳವಲ್ಲ. ಮೊದಲು ಹೊರಗೆ, ಶಾಂತಸ್ವಭಾವದ ಒಂದೇ ಒಂದು ನಾಯಿಯೊಡನೆ, ನಡುವೆ ರಸ್ತೆಯಷ್ಟು ಅಂತರವಿಟ್ಟು ಒಂದೇ ದಿಕ್ಕಿನಲ್ಲಿ ನಡೆಸಬೇಕು. ಮುಖಾಮುಖಿಯಾಗಿ ತರಬಾರದು. ಅನೇಕ ದಿನಗಳ ಮೇಲೆ ಅಂತರವನ್ನು ಕಡಮೆ ಮಾಡಿ, ಮೂರು ಎಣಿಸುವಷ್ಟು ಹೊತ್ತು ಮೂಸಗೊಟ್ಟು ಕರೆದುಕೊಳ್ಳಬೇಕು. ಒಳಗೆ ಹೋಗುವುದಾದರೆ ಜನವಿಲ್ಲದ ಹೊತ್ತನ್ನು ನೋಡಿಕೊಳ್ಳಬೇಕು. ಜೋಡಿ ಬಾಗಿಲಿದ್ದರೆ ಎರಡರ ನಡುವೆ ಹಗ್ಗವನ್ನು ಬಿಚ್ಚಬೇಕು. ಬಿಡುಬೀಸಾಗಿ ಓಡಾಡುವ ನಾಯಿಗಳ ನಡುವೆ ಕಟ್ಟಿದ ನಾಯಿ ದಿಕ್ಕುಗೆಡುತ್ತದೆ. ಹಾಗೆ ಬಿಚ್ಚಲು ಧೈರ್ಯವಿಲ್ಲದಿದ್ದರೆ ಒಳಗೆ ಹೋಗುವ ಕಾಲ ಇನ್ನೂ ಬಂದಿಲ್ಲವೆಂದೇ ಅರ್ಥ. ಚೆಂಡು, ತಿಂಡಿಗಳನ್ನು ಒಳಕ್ಕೆ ಒಯ್ದರೆ ಜಗಳಕ್ಕೆ ವೀಳ್ಯ ಕೊಟ್ಟಂತೆ. ಬೆದೆಗೆ ಬಂದ ಹೆಣ್ಣುನಾಯಿಯನ್ನೂ ಚುಚ್ಚುಮದ್ದು ಪೂರ್ಣವಾಗದ ಮರಿಯನ್ನೂ ಕರೆತರಬಾರದು. ಒಡೆಯರು ಬೆಂಚಿನ ಮೇಲೆ ಕುಳಿತು ಫೋನು ನೋಡುತ್ತಿರಬಾರದು. ನಡೆದಾಡುತ್ತಿರಬೇಕು, ನಾಯಿ ದಣಿಯುವುದಕ್ಕೆ ಮುಂಚೆಯೇ ಹೊರಡಬೇಕು. ಹುಚ್ಚುನಾಯಿ ರೋಗದ ಲಸಿಕೆಯನ್ನು ವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಹಾಕಿಸಬೇಕು. ಮನುಷ್ಯರಿಗೆ ಹಲ್ಲು ತಾಗಿದರೆ, ಸಾಕಿದ ನಾಯಿಯದೇ ಆದರೂ, ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು.

ಮುಖ್ಯವಾದ ಇನ್ನೊಂದು ಮಾತು: ಎಲ್ಲ ನಾಯಿಗಳೂ ಆ ಬೇಲಿಯೊಳಗೆ ಸುಖಪಡಲೇಬೇಕೆಂಬ ನಿಯಮವಿಲ್ಲ. ಜಾತ್ರೆಯಲ್ಲಿ ಹಿಗ್ಗುವ ಮನುಷ್ಯರಿರುವಂತೆ ಜಾತ್ರೆಯನ್ನು ಕಂಡರೆ ಮನೆಯ ಕಡೆಗೆ ತಿರುಗುವವರೂ ಇದ್ದಾರೆ. ಕರಿಯ ಎರಡನೆಯ ಪಂಗಡದ್ದು. ಈಗ ಬೇಲಿಯ ಹೊರಗೆ ಹದಿನೈದು ಹೆಜ್ಜೆ ದೂರದಲ್ಲಿ ಅದು ಸುಮ್ಮನೆ ಮಲಗಿ ಒಳಗಿನ ಆಟವನ್ನು ನೋಡುತ್ತದೆ. ನಸುಕಿನಲ್ಲಿ, ಬೇರೆ ಯಾರೂ ಇಲ್ಲದಾಗ, ಪರಿಚಯದ ಒಂದು ಮುದಿ ಲ್ಯಾಬ್ರಡಾರಿನೊಡನೆ ಎರಡು ಸಲ ಒಳಗೂ ಹೋಗಿ ಬಂದಿದೆ. ಇಷ್ಟೇ ಅದರ ಪದವಿ. ನಮಗೆ ಇಷ್ಟು ಸಾಕು.

ರಾಯರು ಬಹು ದಿನ ನನ್ನೊಡನೆ ಮಾತನಾಡಲಿಲ್ಲ. ಮಾಘಮಾಸದ ಒಂದು ಬೆಳಿಗ್ಗೆ ರಸ್ತೆಯ ಆಚೆ ಬದಿಯಲ್ಲಿ ತಮ್ಮ ಬಿಳಿಯ ನಾಯಿಯೊಡನೆ ಹೊರಟಿದ್ದವರು ನಿಂತರು. ಕರಿಯ ಅವರ ನಾಯಿಯನ್ನು ನೋಡಿತು, ನನ್ನನ್ನು ನೋಡಿತು, ಚೂರನ್ನು ತಿಂದಿತು. ಎರಡು ಬದಿಗಳಲ್ಲಿಯೂ ಒಂದೇ ದಿಕ್ಕಿಗೆ ಮೌನವಾಗಿ ನಡೆದು ಬೀದಿಯ ತುದಿಗೆ ಬಂದೆವು. “ಮೇಷ್ಟ್ರೇ, ನಾಳೆಯೂ ಇದೇ ಹೊತ್ತಿಗೆ ಬರುತ್ತೀರಾ?” ಎಂದು ರಾಯರು ಕೇಳಿದರು. ಅಂದಿನಿಂದ ವಾರಕ್ಕೆ ಮೂರು ದಿನ ಹಾಗೆಯೇ ನಡೆಯುತ್ತೇವೆ.

ಒಂದು ಋಣ ಉಳಿದಿದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸುವುದಕ್ಕೆ ಮುಂಚಿನ ಮಾತು. ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಪಕ್ಕದಲ್ಲಿ ಯಾರಾದರೂ ಕೈಯೆತ್ತಿದರೆ ಸಾಕು, ತಾನೇ ಮೊದಲು ಹೊಡೆದುಬಿಡುತ್ತಿದ್ದ. ನಾನು ಅವನನ್ನು ದುಷ್ಟನೆಂದು ತಿಳಿದು ಬೆತ್ತದಿಂದ ತಿದ್ದಹೋದೆ. ದಸರೆಯ ರಜೆಯ ಮೇಲೆ ಅವನು ಶಾಲೆಗೆ ಬರಲಿಲ್ಲ. ಅವನ ಮನೆಯಲ್ಲಿ ದಿನವೂ ಏಟು ಬೀಳುತ್ತಿದ್ದಿತೆಂದು ತಡವಾಗಿ ತಿಳಿಯಿತು. ವಿಚಾರಿಸಿಕೊಂಡು ಹೋಗಲು ನನಗೆ ಅಭಿಮಾನ ಅಡ್ಡ ಬಂದಿತು. ಕರಿಯ ಬೆನ್ನು ಬಗ್ಗಿಸಿ ನೆಲಕ್ಕೆ ಅಂಟಿಕೊಂಡ ಆ ಸಂಜೆ ನನಗೆ ಮೊದಲು ನೆನಪಾದುದು ಅವನ ಮುಖ. ಅವನಿಗೆ ಈಗ ನಲವತ್ತರ ಮೇಲಾಗಿರಬೇಕು. ಈ ಪತ್ರಿಕೆ ಅವನ ಮನೆಗೂ ಬರುತ್ತಿದ್ದು, ಅವನು ಇದನ್ನು ಓದಿ ತಾನೇ ಎಂದು ಗುರುತಿಸಿಕೊಂಡರೆ, ಅವನ ಹಳೆಯ ಮೇಷ್ಟ್ರು ಅವನಲ್ಲಿ ಕ್ಷಮೆ ಬೇಡುತ್ತಿದ್ದಾನೆಂದು ತಿಳಿಯಲಿ.